ಅಮ್ಮನ ಟ್ರಂಕಿನ ಬೀಗದ ಕೈ

ಉಡಿದಾರದಿಂದ ಬೀಗದ ಕೈ ಬಿಚ್ಚುವಾಗ ಅಣ್ಣ ವಸಂತ ಬೇಕಂತಲೇ ನಿಧಾನ ಮಾಡುತ್ತಿದ್ದಾನೆ ಎಂದು ಸಿದ್ದುವಿಗೆ ಖಾತ್ರಿಯಾಯಿತು. ಎಲ್ಲರೂ ನೋಡಲಿ ಅಂತ. ತಮ್ಮನಂತೂ ಕಣ್ತುಂಬ ನೋಡಲಿ ಅಂತ.

ಆಯುಧಪೂಜೆಯ ಬೆಳಿಗ್ಗೆ ಅದು. ಕುವೆಂಪುನಗರದ ಅಣ್ಣನ ಮನೆಯ ಮುಂದೆ ಸ್ಕೂಟರಿಗೆ ಚೆಂಡುಹೂವಿನ ಹಾರ ಬಿದ್ದಾಗಿತ್ತು, ಬೂದುಗುಂಬಳ ಒಡೆದಾಗಿತ್ತು. ಉಳಿದದ್ದು ಅಪ್ಪ ಹುಚ್ಚಯ್ಯನವರ ಜೋಡು ನಳಿಗೆಯ ಬಂದೂಕು. ಮೂವತ್ತು ವರ್ಷ ಬ್ಯಾಂಕಿನ ಬಾಗಿಲಲ್ಲಿ ಅದನ್ನು ಹಿಡಿದು ನಿಂತೇ ಅವರು ಇಬ್ಬರು ಗಂಡುಮಕ್ಕಳನ್ನು ಸಾಕಿದ್ದರು. ನಿವೃತ್ತಿಯಾದ ಮೇಲೂ ಲೈಸೆನ್ಸು ನವೀಕರಿಸುತ್ತಲೇ ಬಂದಿದ್ದರು. ಅನ್ನ ಹಾಕಿದ್ದನ್ನು ಹೇಗಪ್ಪಾ ಬಿಡೋದು ಅನ್ನುತ್ತಿದ್ದರು.

ವಸಂತ ಬೀರು ತೆರೆದು ಬಂದೂಕು ಎತ್ತಿಕೊಂಡ. ನಳಿಗೆ ಬಾಗಿಸಿ, ಎರಡೂ ಖಾಲಿ ಎಂದು ತೋರಿಸಿದ. ಅಪ್ಪ ತಲೆಯಾಡಿಸಿದರು. ಅಷ್ಟಕ್ಕೇ ಸಿದ್ದುವಿನ ಹೊಟ್ಟೆ ಉರಿದುಹೋಯಿತು. ತಾನು ಮಾಡಿದ ಯಾವ ಕೆಲಸಕ್ಕಾದರೂ ಅಪ್ಪ ಹಾಗೆ ತಲೆಯಾಡಿಸಿದ್ದುಂಟೆ?

ಐದು ವರ್ಷದ ಉರಿ ಅದು. ಅಮ್ಮ ಮುದ್ದಮ್ಮ ತೀರಿಕೊಂಡ ಹನ್ನೊಂದನೆಯ ದಿನ ಅಪ್ಪ ಮಕ್ಕಳಿಬ್ಬರನ್ನೂ ಕೂರಿಸಿಕೊಂಡು ಬೀಗದ ಕೈ ಹಂಚಿದರು. ಬಂದೂಕಿನ ಬೀರುವಿನದು ವಸಂತನಿಗೆ. ಅಮ್ಮನ ಹಳೇ ಟ್ರಂಕಿನದು ಸಿದ್ದುವಿಗೆ. ಟ್ರಂಕು ಅಣ್ಣನ ಮನೆಯಲ್ಲಿ ಅಪ್ಪನ ಮಂಚದ ಕೆಳಗೇ ಇರಬೇಕಂತೆ, ಅದರ ಬೀಗದ ಕೈ ಮಾತ್ರ ದೂರದ ಹೆಬ್ಬಾಳದಲ್ಲಿ ಸಿದ್ದುವಿನ ಬಾಡಿಗೆ ಮನೆಯಲ್ಲಂತೆ! "ನಾನೇ ಕೇಳಿದರೂ ಕೊಡಬೇಡಿ" ಎಂದು ಇಬ್ಬರಿಗೂ ತಾಕೀತು ಬೇರೆ. ತುಕ್ಕು ಹಿಡಿದ ಟ್ರಂಕಿಗೆ ಅಂಗೈಯಗಲದ ಹೊಸ ಬೀಗ. ಹಳೇ ಸೀರೆಗಳನ್ನು ಯಾವ ಕಳ್ಳ ಹೊತ್ತುಕೊಂಡು ಹೋಗುತ್ತಾನೆ?

"ಭಾವನಿಗೆ ಬಂದೂಕು, ನಿಮಗೆ ಸೀರೆ. ಉಟ್ಕೊಳ್ಳಿ!" ಎಂದು ಹೆಂಡತಿ ಧರಣಿ ಅವತ್ತು ನಕ್ಕಿದ್ದಳು. ಪಾಪ, ತಮಾಷೆಗೆ ಅಂದದ್ದು. ಸಿದ್ದುವಿಗೆ ಅದು ಚುಚ್ಚಿಕೊಂಡೇ ಕೂತಿತು.

ಆಮೇಲೆ ಎಲ್ಲದಕ್ಕೂ ಅಣ್ಣನೇ. ಚುನಾವಣೆ ಬಂದಾಗ ಬಂದೂಕನ್ನು ಠಾಣೆಗೆ ಒಪ್ಪಿಸಬೇಕಲ್ಲ, ಅಪ್ಪನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗುವವನು ಅಣ್ಣ. ಪೊಲೀಸರೆದುರು "ನನ್ನ ಮಗ ಸಾರ್" ಅನ್ನಿಸಿಕೊಳ್ಳುವವನು ಅಣ್ಣ. ಸಿದ್ದುವಿಗೆ ತಿಂಗಳಿಗೊಂದು ಫೋನು: "ಬೀಗದ ಕೈ ಭದ್ರವಾಗಿದೆಯೇನೋ?" ಸೊಸೆ ಹೇಗಿದ್ದಾಳೆ, ಮೊಮ್ಮಗಳು ಹೇಗಿದ್ದಾಳೆ, ಊಹೂಂ, ಒಂದು ಮಾತಿಲ್ಲ.

ಸೇಡು ತೀರಿಸಿಕೊಳ್ಳಲು ಒಂದೇ ಒಂದು ಸಲ ಅವಕಾಶ ಸಿಕ್ಕಿತ್ತು. ಅಮ್ಮ ಹೋಗಿ ಮೂರು ತಿಂಗಳಾಗಿತ್ತು. ಮಧ್ಯಾಹ್ನ ಸಿದ್ದು ಫ್ಯಾಕ್ಟರಿಯಲ್ಲಿದ್ದಾಗ ಅಪ್ಪನ ಫೋನು.

"ಆ ಟ್ರಂಕಿನ ಬೀಗದ ಕೈ ತಂದುಕೊಡೋ ಸಿದ್ದು. ನಿಮ್ಮಮ್ಮನ ಹತ್ತಿರ ಇರಬೇಕು ಅನ್ನಿಸ್ತಿದೆ ಕಣೋ."

ಅಳುತ್ತಿದ್ದರು. ಸಿದ್ದು ಕರಗಲಿಲ್ಲ.

"ಬಂದೂಕು ಕೊಡುವಾಗ ಅಣ್ಣ ನೆನಪಾದ, ಸೀರೆ ನೋಡೋಕೆ ನಾನು ಬೇಕಾ? ಕೊಡಲ್ಲ, ಹೋಗಿ!"

ಮತ್ತೆ ಎರಡು ಸಲ ಫೋನು ಬಂತು. ಎರಡು ಸಲವೂ ಕೊಡಲ್ಲ ಅಂದ. ಛೆ, ಎಂಥ ಪಾಪಿ ನಾನು ಎಂದು ಆಮೇಲೆ ಅನ್ನಿಸಿದ್ದೂ ನಿಜ, ಒಳಗೊಳಗೇ ಖುಷಿಯಾಗಿದ್ದೂ ನಿಜ.

ಈಗ ಅತ್ತಿಗೆ ಯಶೋಧಾ ಬಂದೂಕಿಗೆ ಕುಂಕುಮವಿಟ್ಟಳು. ಸಿದ್ದುವಿಗೆ ಬಾಯಿ ಮುಚ್ಚಿಕೊಂಡಿರಲು ಆಗಲಿಲ್ಲ.

"ಅಲ್ಲಪ್ಪಾ, ಕಳ್ಳ ನುಗ್ಗಿದರೆ ಅಣ್ಣನ ಉಡಿದಾರ ಹುಡುಕ್ತಾ ಕೂರ್ತೀರಾ? ಪ್ರಾಣ ಉಳಿಸಿಕೊಳ್ಳೋಕೆ ತಾನೇ ಬಂದೂಕು ಇರೋದು?"

"ಕಳ್ಳ ಬಂದರೆ ಲೈಟು ಹಾಕಿ ಕೂಗಿಕೊಂಡರಾಯ್ತು" ಎಂದರು ಅಪ್ಪ. "ಹುಡುಕೋದು ತಡವಾದರೆ ಪ್ರಾಣ ಉಳಿಯುತ್ತೆ ಬುಡು."

ವಸಂತ ಮುಖ ತಿರುಗಿಸಿದ. ನಗು ಮುಚ್ಚಿಕೊಳ್ಳುತ್ತಿದ್ದಾನೆ, ಇನ್ನೇನು!

ಸಾಕಾಯಿತು ಸಿದ್ದುವಿಗೆ. ಇವತ್ತು ಅದಕ್ಕೆಂದೇ ಬೀಗದ ಕೈ ಜೇಬಿಗೆ ಹಾಕಿಕೊಂಡು ಬಂದಿದ್ದ. ತೆಗೆದು ಮಂಗಳಾರತಿ ತಟ್ಟೆಗೆ ಟಣ್ ಎಂದು ಎಸೆದ.

"ತಗೊಳ್ಳಿ! ಇದನ್ನೂ ನಿಮ್ಮ ದೊಡ್ಡ ಮಗನಿಗೇ ಕೊಡಿ."

ಅಪ್ಪ ತಟ್ಟೆಯನ್ನೊಮ್ಮೆ ನೋಡಿ ಕಣ್ಣು ಮುಚ್ಚಿಕೊಂಡರು. ವಸಂತ ದಡಬಡನೆ ಬಂದೂಕು ಎತ್ತಿ, ಕುಂಕುಮವನ್ನೂ ಒರೆಸದೆ ಬೀರುವಿಗೆ ಸೇರಿಸಿ ಬೀಗ ಹಾಕಿದ. ಥೂ, ಎಂಥ ಆಸೆಬುರುಕ, ನಾನೇನು ಕಿತ್ತುಕೊಂಡು ಓಡಿಬಿಡ್ತೀನಾ ಎಂದುಕೊಂಡ ಸಿದ್ದು.

ಆ ಕೋಪದಲ್ಲೇ ತಾನು ಎಸೆದ ಬೀಗದ ಕೈಯನ್ನು ತಾನೇ ಎತ್ತಿಕೊಂಡ. ಮಂಚದಡಿಯಿಂದ ಟ್ರಂಕನ್ನು ದರದರ ಎಳೆದ. ತನ್ನ ಪಾಲಿಗೆ ಬಂದ ಆಸ್ತಿ ಎಂಥದ್ದೆಂದು ಎಲ್ಲರೂ ನೋಡಲಿ. ಐದು ವರ್ಷದಲ್ಲಿ ಮೊದಲ ಸಲ ಆ ಬೀಗ ತೆಗೆದ.

ಮೇಲೆ ಅಮ್ಮನ ನೇರಳೆ ಬಣ್ಣದ ಸೀರೆ. ಅದೊಂದೇ. ಅದರ ಕೆಳಗೆ ಚರ್ಮದ ಪಟ್ಟಿ. ಪಟ್ಟಿಯ ತುಂಬ ಸಾಲಾಗಿ ಬಂದೂಕಿನ ಕೆಂಪು ತೋಟಾಗಳು. ಅಪ್ಪನ ಬಂದೂಕಿಗಿದ್ದ ಗುಂಡೆಲ್ಲ ಅಲ್ಲಿತ್ತು.

"ಇದೇನಪ್ಪಾ ಇದು?" ಸಿದ್ದು ಪಟ್ಟಿಯನ್ನು ಎತ್ತಿ ಹಿಡಿದ.

"ನಿಮ್ಮಮ್ಮ ಹೋದ ಮೇಲೆ ನನಗೆ ಬದುಕೋದೇ ಬೇಡವಾಗಿತ್ತು ಕಣೋ. ನನ್ನ ಮೇಲೆ ನನಗೇ ನಂಬಿಕೆ ಇರಲಿಲ್ಲ. ಅದಕ್ಕೇ ಬಂದೂಕು ಅವನ ಸುಪರ್ದಿಗೆ, ಗುಂಡು ನಿನ್ನ ಸುಪರ್ದಿಗೆ ಕೊಟ್ಟೆ." ಹುಚ್ಚಯ್ಯ ಸೀರೆಯ ಅಂಚು ಸವರಿದರು. "ಆವತ್ತು ಮಧ್ಯಾಹ್ನ ನಿನಗೆ ಮೂರು ಸಲ ಫೋನು ಮಾಡಿದೆನಲ್ಲ, ಆಗ ಬಂದೂಕು ನನ್ನ ತೊಡೆ ಮೇಲಿತ್ತು."

ಸಿದ್ದು ಅಣ್ಣನ ಕಡೆ ನೋಡಿದ. ವಸಂತ ತಲೆ ಎತ್ತಲಿಲ್ಲ.

"ನಿಮ್ಮಣ್ಣ ನಾನು ಒಂದೇ ಸಲ ಅತ್ತಿದ್ದಕ್ಕೆ ಅವನ ಬೀಗದ ಕೈ ಕೊಟ್ಟುಬುಟ್ಟಿದ್ದ."