ಪರೀಕ್ಷೆ ಇರುವ ಮನೆ

ಮೇದಿನಿ ಸಿಎ ಪರೀಕ್ಷೆಗೆ ಅರ್ಜಿ ಹಾಕಿದ್ದರಿಂದ ನಿಜವಾಗಿ ನೆಮ್ಮದಿ ಸಿಕ್ಕಿದ್ದು ಅವಳ ಅಮ್ಮನಿಗೆ. ಅಪ್ಪನ ಅಕ್ಕ ಫೋನ್ ಮಾಡಿ, "ನಾಲ್ಕು ದಿನ ಇದ್ದು ಹೋಗೋಣ ಅಂತ..." ಎಂದು ರಾಗ ಎಳೆದಾಗಲೆಲ್ಲ ಅಮ್ಮ ದನಿ ತಗ್ಗಿಸಿ, "ಹುಡುಗಿ ಓದ್ತಿದಾಳೆ ಅತ್ತಿಗೆ, ಮನೇಲಿ ನಾವೇ ಉಸಿರು ಬಿಗಿಹಿಡ್ಕೊಂಡು ಓಡಾಡ್ತಿದೀವಿ" ಎನ್ನುತ್ತಿದ್ದರು. ಆ ಅತ್ತಿಗೆ ಬಂದರೆ ಅಡುಗೆಮನೆಯ ಡಬ್ಬಗಳನ್ನೆಲ್ಲ ಮೂಸಿ ನೋಡಿ, ಮಾಡಿದ ಸಾರಿನಲ್ಲಿ ಹುಳುಕು ಹುಡುಕಿ, ತಿಂಗಳಾದರೂ ಹೊರಡುತ್ತಿರಲಿಲ್ಲ. ಪರೀಕ್ಷೆ ಬರೆದು ಮುಗಿದ ಮೇಲೂ ಅಮ್ಮ, "ರಿಸಲ್ಟ್ ಬರೋ ತನಕ ಯಾರಿಗೂ ಊಟ ಸೇರ್ತಿಲ್ಲ" ಎಂದು ದಿನ ನೂಕಿದರು.

ಕೊನೆಗೆ ರಿಸಲ್ಟೂ ಬಂತು. "ಅಮ್ಮಾ, ಪಾಸಾದೆ!"

ಅಮ್ಮ ಮಗಳ ಬಾಯಿಗೆ ಸಕ್ಕರೆ ಸುರಿಯುತ್ತಿರುವಾಗಲೇ ಫೋನ್ ಹೊಡೆದುಕೊಂಡಿತು.

"ಏನಾಯ್ತೇ ನಮ್ಮ ಹುಡುಗಿ ರಿಸಲ್ಟು?"

ಅಮ್ಮ ಮಗಳ ಬಾಯನ್ನು ಅಂಗೈಯಿಂದ ಮುಚ್ಚಿ, ಅಳುವವರಂತೆ ಮೂಗೆಳೆದುಕೊಂಡರು. "ಏನ್ ಹೇಳ್ಲಿ ಅತ್ತಿಗೆ, ಈ ಸಲ ಹೋಯ್ತು. ಮತ್ತೆ ಕಟ್ಬೇಕು."

"ಅಯ್ಯೋ, ಅಳ್ಬೇಡ ಕಣೇ. ಪಾಸಾಗಿದ್ರೆ ಫೋನಲ್ಲೇ ಹರಸಿ, ಮಗಳ ಮನೆಗೆ ಹೋಗೋಣ ಅಂತಿದ್ದೆ. ಈಗ ನಿಮ್ಮನ್ನ ಹೀಗೆ ಬಿಡೋಕಾಗುತ್ತಾ? ನಾಳೆ ಬೆಳಗ್ಗೆ ಬಸ್ ಸ್ಟ್ಯಾಂಡಿಗೆ ಯಾರನ್ನಾದ್ರೂ ಕಳಿಸು. ಮುಂದಿನ ಪರೀಕ್ಷೆ ಮುಗಿಯೋವರೆಗೂ ಅಲ್ಲೇ ಇದ್ದು, ಎದುರಿಗೆ ಕೂತು ಓದಿಸ್ತೀನಿ."