ಕಂಬದ ಮಗ್ಗುಲು

ಮರಳು ತುಂಬಿದ ಲಾರಿಗಳು ಹೊಸ ಸೇತುವೆ ಏರಲು ಸಾಲುಗಟ್ಟಿದಾಗ, ಅದನ್ನು ಕಟ್ಟಿದ ಮಗಳು ಕಮಾನಿನ ಕೆಳಗೆ ನಟ್ಟನಡುವೆ ಹೋಗಿ ನಿಂತಳು. ಭಾರಪರೀಕ್ಷೆಯ ದಿನ ಕಟ್ಟಿದವರೇ ಕೆಳಗೆ ನಿಲ್ಲುವ ರೂಢಿ ಹಾಕಿದ್ದು ಅವಳಪ್ಪ, ನಾಡಿನ ಮೊದಲ ಕಾಂಕ್ರೀಟ್ ಸೇತುವೆಯ ಎಂಜಿನಿಯರು.

"ಬಿದ್ದರೆ ಮೊದಲು ನನ್ನ ತಲೆ ಮೇಲೆ ಬೀಳ್ಲಿ ಕಣಮ್ಮಾ," ಎಂದು ಅಪ್ಪನ ಗೊಗ್ಗರು ದನಿಯನ್ನೇ ಅಣಕಿಸಿ ನಕ್ಕಳು. "ಬನ್ನಿ ಅಪ್ಪ, ಅಲ್ಯಾಕೆ ನಿಂತ್ರಿ?"

ಅಪ್ಪ ಕಂಬಕ್ಕೆ ಬೆನ್ನು ಹಚ್ಚಿದ್ದರು. ಕಮಾನು ಕುಸಿದರೂ ಕಂಬದ ಮಗ್ಗುಲು ಉಳಿಯುತ್ತದೆಂದು ಲೆಕ್ಕಹಾಕಿ ತಮ್ಮ ಸೇತುವೆಯ ಪರೀಕ್ಷೆಯ ದಿನವೂ ಹೀಗೇ ನಿಂತಿದ್ದರು. ನಟ್ಟನಡುವೆ ನಿಂತಿದ್ದೆನೆಂಬ ಕಥೆಯನ್ನು ಮಾತ್ರ ಮಗಳಿಗೆ ತುತ್ತಿನ ಜೊತೆ ಉಣಿಸಿದ್ದರು.

ಮೇಲೆ ಮೊದಲ ಲಾರಿ ಗುಡುಗಿತು. ಅಪ್ಪ ಕಂಬ ಬಿಟ್ಟು, ಜೀವ ಬಿಗಿಹಿಡಿದು ನಡೆದು ಬಂದು ಅವಳ ಕೈ ಹಿಡಿದರು.

"ಏನಪ್ಪಾ ಇಷ್ಟು ಬೆವರ್ತಿದೀರಿ? ನಿಮಗಿದೇನು ಹೊಸದಾ?"

"ಹೊಸದೇ ಕಣೇ," ಎಂದರು ಅಪ್ಪ.