ಏಳನೇ ಕೊಠಡಿಯ ಸನ್ನೆ

“ಎಷ್ಟು ಸಲ ಕಣ್ಣು ಮಿಟುಕಿಸಿದ್ರಿ ಮೇಷ್ಟ್ರೇ?”

ಪರೀಕ್ಷಾಧಿಕಾರಿ ಕೇಳಿದ್ದೇ ತಡ, ಡ್ರಾಯಿಂಗ್ ಮೇಷ್ಟ್ರ ಎಡಗಣ್ಣು ತಾನಾಗಿಯೇ ಎರಡು ಸಲ ಮಿಟುಕಿತು. ಸಾಕ್ಷಿ ಹೇಳಲು ಅದಕ್ಕೆಷ್ಟು ಅವಸರವೋ! ಅದರ ಬೆನ್ನಿಗೇ ಕತ್ತು ಬಲಕ್ಕೊಮ್ಮೆ ಚಿಮ್ಮಿತು. ಅಧಿಕಾರಿ ಹಾಳೆಯ ಮೇಲೆ ಏನನ್ನೋ ಗೀಚಿಕೊಂಡರು.

ಅದು ಮುಖ್ಯೋಪಾಧ್ಯಾಯಿನಿಯ ಕೋಣೆ. ಮೇಜಿನ ಆಚೆ ಆಕೆ ಮತ್ತು ಅಧಿಕಾರಿ, ಈಚೆ ಮೇಷ್ಟ್ರು. ಹದಿನೈದು ದಿನದ ಹಿಂದೆ, ಒಂದು ಭಾನುವಾರ, ಇದೇ ಶಾಲೆಯಲ್ಲಿ ಕಚೇರಿ ಗುಮಾಸ್ತರ ಬಡ್ತಿ ಪರೀಕ್ಷೆ ನಡೆದಿತ್ತು. ಗಣಿತದ ಪತ್ರಿಕೆ. ಐವತ್ತು ಪ್ರಶ್ನೆ, ಪ್ರತಿಯೊಂದಕ್ಕೂ ನಾಲ್ಕು ಉತ್ತರ, ಸರಿಯಾದದ್ದಕ್ಕೆ ಗುರುತು ಹಾಕಬೇಕು. ಏಳನೇ ಕೊಠಡಿಯ ಮೇಲ್ವಿಚಾರಣೆ ಮೇಷ್ಟ್ರದಾಗಿತ್ತು. ಈಗ ದೂರು ಬಂದಿದೆ: ಮೇಷ್ಟ್ರು ಸನ್ನೆ ಮಾಡಿ ಉತ್ತರ ಹೇಳಿಕೊಟ್ಟರು. ಆ ಕೊಠಡಿಯ ಮೂವತ್ತೆರಡು ಉತ್ತರ ಪತ್ರಿಕೆಗಳೂ ಅಚ್ಚು ಹೊಡೆದ ಹಾಗೆ ಒಂದೇ ಥರ. ರುಜುವಾತಾದರೆ ಮೇಷ್ಟ್ರ ಕೆಲಸ ಹೋಗುತ್ತದೆ.

ದೂರು ಯಾರದ್ದೆಂದು ಅವರಿಗೆ ಅನುಮಾನವೇ ಇರಲಿಲ್ಲ. ಪಕ್ಕದ ಕೊಠಡಿಯಲ್ಲಿದ್ದ ವಿಜ್ಞಾನದ ಮೇಡಂ ಆವತ್ತು ಎರಡು ಸಲ ಕಿಟಕಿಯಲ್ಲಿ ಇಣುಕಿ ಹೋಗಿದ್ದರು.

ಇಣುಕಿದವರ ತಪ್ಪೇನು? ನೋಡುವುದಕ್ಕೆ ಅಲ್ಲಿ ಬೇಕಾದಷ್ಟಿತ್ತು. ಮೇಷ್ಟ್ರ ಕಣ್ಣು ಮಿಟುಕಿದರೆ ಧೂಳು, ಕತ್ತು ಚಿಮ್ಮಿದರೆ ದಿಂಬು ಸರಿಯಿಲ್ಲ, ಭುಜ ಕುಣಿದರೆ ಬಸ್ಸಿನ ನೂಕುನುಗ್ಗಲು. ಹನ್ನೊಂದು ವರ್ಷದಿಂದ ಶಾಲೆಯಲ್ಲಿ ಇವೇ ಮೂರು ಸುಳ್ಳುಗಳನ್ನು ಸರದಿಯ ಮೇಲೆ ಓಡಿಸುತ್ತ ಬಂದಿದ್ದರು. ಪಾಪ, ಸಹೋದ್ಯೋಗಿಗಳೂ ನಂಬಿದ್ದರು. ಕಣ್ಣಿಗೆ ಹನಿ ಔಷಧಿ ತಂದುಕೊಟ್ಟಿದ್ದರು. ಮುಖ್ಯೋಪಾಧ್ಯಾಯಿನಿಯಂತೂ ಒಂದು ಹೊಸ ದಿಂಬನ್ನೇ ಕೊಡಿಸಿದ್ದರು.

ಪರೀಕ್ಷೆಯ ದಿನ ಬೆಳಿಗ್ಗೆ ಮೇಷ್ಟ್ರು “ಇವತ್ತೊಂದಿನ ಸುಮ್ನಿರಪ್ಪಾ” ಎಂದು ತಮ್ಮ ಮೈಯನ್ನೇ ಗೋಗರೆದಿದ್ದರು. ಗೋಗರೆದಷ್ಟೂ ಅದಕ್ಕೆ ಹುರುಪು. ಸಾಲದ್ದಕ್ಕೆ ಇನ್ನೊಂದು ಗೀಳು: ಪ್ರತಿ ಡೆಸ್ಕಿನ ಮೂಲೆಯನ್ನೂ ನಾಲ್ಕು ಸಲ ಮುಟ್ಟಬೇಕು. ಒಂದು ಸಲ ತಪ್ಪಿದರೂ ಮನೆಯಲ್ಲಿ ಹೆಂಡತಿಗೆ ಏನೋ ಕೇಡಾಗುತ್ತದೆಂಬ ದಿಗಿಲು. ಇದು ತಲೆಕೆಟ್ಟ ಯೋಚನೆ ಎಂದು ಮೇಷ್ಟ್ರಿಗೂ ಗೊತ್ತು. ಗೊತ್ತಿದ್ದೂ ಮುಟ್ಟುತ್ತಾರೆ. ಗೊತ್ತಿದ್ದೂ ಮುಟ್ಟಿದ್ದಕ್ಕೆ ಬೈದುಕೊಳ್ಳುತ್ತಾರೆ. ಬೈಯುವ ಭರದಲ್ಲಿ ಲೆಕ್ಕ ತಪ್ಪಿ, ಮತ್ತೆ ಮೊದಲ ಡೆಸ್ಕಿನಿಂದ ಶುರು.

ಆದರೆ ಆ ಗುಮಾಸ್ತರು! ಪರೀಕ್ಷೆ ಶುರುವಾಗುವ ಮೊದಲೇ ಫ್ಯಾನು ನಿಧಾನವಾಗಿದೆಯೆಂದು ಎಲ್ಲರೂ ಸೇರಿ ಒಂದು ಅರ್ಜಿ ಬರೆದು ಕೊಟ್ಟಿದ್ದು ಬಿಟ್ಟರೆ, ಎಂಥಾ ಮರ್ಯಾದಸ್ಥರು! ಒಬ್ಬರೂ ನಗಲಿಲ್ಲ, ಒಬ್ಬರೂ ಪಿಸುಗುಟ್ಟಲಿಲ್ಲ. ಮೇಷ್ಟ್ರನ್ನು ನೋಡುವುದು, ತಲೆ ತಗ್ಗಿಸಿ ಗುರುತು ಹಾಕುವುದು, ಮತ್ತೆ ನೋಡುವುದು. ಹೊರಡುವಾಗ ಒಬ್ಬೊಬ್ಬರೂ ಕೈ ಮುಗಿದಿದ್ದರು. ಜನ ತಮ್ಮನ್ನು ಅಷ್ಟು ಹೊತ್ತು ಗೇಲಿಯಿಲ್ಲದೆ ನೋಡಿದ್ದು ಅದೇ ಮೊದಲೆಂದು ಮೇಷ್ಟ್ರು ಮನೆಗೆ ಹೋಗಿ ಹೆಂಡತಿಯ ಮುಂದೆ ಹಿಗ್ಗಿದ್ದರು.

ಇವತ್ತು ಬೆಳಿಗ್ಗೆ ಅದೇ ಹೆಂಡತಿ ಬಾಗಿಲಲ್ಲಿ ನಿಂತು ಹೇಳಿದ್ದಳು: “ಇದ್ದದ್ದನ್ನ ಇದ್ದ ಹಾಗೆ ಹೇಳ್ಬಿಡಿ. ಕೆಲಸ ಹೋದ್ರೆ ಹೋಗ್ಲಿ, ಕಳ್ಳ ಅನ್ನಿಸ್ಕೊಂಡು ಮಾತ್ರ ಬರ್ಬೇಡಿ.”

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು.

“ಸಾರ್, ಇದು ಕಾಯಿಲೆ. ಚಿಕ್ಕಂದಿನಿಂದ ಇದೆ. ಕಣ್ಣು, ಕತ್ತು, ಇವೆಲ್ಲ ನಾನು ಮಾಡೋದಲ್ಲ, ತಾನಾಗೇ ಆಗೋದು. ಡೆಸ್ಕ್ ಮುಟ್ಟೋದು ಬೇರೆ. ಅದು ನಾನೇ ಮಾಡೋದು, ಆದ್ರೆ ಮಾಡ್ದೆ ಇರಕ್ಕಾಗಲ್ಲ. ಡಾಕ್ಟ್ರು ಬರ್ಕೊಟ್ಟಿರೋ ಚೀಟಿ ತಂದಿದೀನಿ. ನಾಚ್ಕೆಗೆ ಇಲ್ಲಿ ಯಾರಿಗೂ ಹೇಳಿರ್ಲಿಲ್ಲ.”

ಮೇಷ್ಟ್ರು ಚೀಟಿಯನ್ನು ಅಧಿಕಾರಿಯ ಮುಂದಿಟ್ಟರು.

“ಹಾಗಾದ್ರೆ ಆ ದಿಂಬು?” ಎಂದರು ಮುಖ್ಯೋಪಾಧ್ಯಾಯಿನಿ.

“ದಿಂಬು ಚೆನ್ನಾಗಿದೆ ಮೇಡಂ.”

ಅಧಿಕಾರಿ ಚೀಟಿಯನ್ನು ಓದಿ ಮುಗಿಸಿ ಕುರ್ಚಿಗೊರಗಿದರು. “ಎಲ್ಲಿ, ಒಂದ್ಸಲ ಮಾಡಿ ತೋರ್ಸಿ.”

ಕಣ್ಣು ಮಿಟುಕಲಿಲ್ಲ. ಕತ್ತು ಕಲ್ಲಿನ ಹಾಗೆ ನಿಂತಿತು. ಹಾಳಾದ್ದು, ಬೇಡವೆಂದಾಗ ಕುಣಿಯುವ ಮೈ ಬೇಕೆಂದಾಗ ಕೈಕಟ್ಟಿ ಕೂತಿತ್ತು! ಮೇಷ್ಟ್ರು ಮನಸ್ಸಿನಲ್ಲೇ ಅದನ್ನು ಬೇಡಿಕೊಂಡರು, ಬೈದರು. ಏನೂ ಆಗಲಿಲ್ಲ. ಹನ್ನೊಂದು ವರ್ಷ ಹೊತ್ತದ್ದನ್ನು ಕೆಳಗಿಟ್ಟಿದ್ದಕ್ಕೋ ಏನೋ, ಮೈಯೆಲ್ಲ ಹಗುರಾಗಿತ್ತು. ಕೆಲಸ ಹೋಗುವ ಹೊತ್ತಿನಲ್ಲೇ ಇಂಥ ನೆಮ್ಮದಿ ಬರಬೇಕೇ ಎಂದು ಅವರಿಗೆ ಅಳು ಬಂದಂತಾಯಿತು, ನಗುವೂ ಬಂತು.

“ನಿಮಗೆ ಲೆಕ್ಕ ಬರುತ್ತಾ?” ಅಧಿಕಾರಿ ಕೇಳಿದರು.

“ಹದಿಮೂರರ ಮಗ್ಗಿ ದಾಟಿಲ್ಲ ಸಾರ್.”

“ಅದು ಗೊತ್ತಾಯ್ತು.”

ಹೇಗೆ ಗೊತ್ತಾಯಿತೆಂದು ಕೇಳಲು ಮೇಷ್ಟ್ರಿಗೆ ಧೈರ್ಯ ಸಾಲಲಿಲ್ಲ. “ವಿಜ್ಞಾನದ ಮೇಡಂ ಮೇಲೆ ನಂಗೆ ಸಿಟ್ಟಿಲ್ಲ ಸಾರ್. ಅವ್ರು ಕಂಡದ್ದನ್ನ ಹೇಳಿದಾರೆ.”

“ಅವ್ರೇನೂ ಹೇಳಿಲ್ವಲ್ಲ?” ಎಂದರು ಅಧಿಕಾರಿ. ಅವರ ಮೀಸೆಯಡಿ ಏನೋ ಅದುರುತ್ತಿತ್ತು. ದೂರಿನ ಹಾಳೆಯನ್ನು ಮೇಷ್ಟ್ರ ಕಡೆ ತಿರುಗಿಸಿದರು. ದುಂಡನೆಯ ಅಕ್ಷರ, ವಿಷಯ, ಉಲ್ಲೇಖ, ತಾರೀಖು, ಎಲ್ಲ ಕ್ರಮವಾಗಿತ್ತು. ಕೆಳಗೆ ಮೂವತ್ತೆರಡು ಸಹಿಗಳಿದ್ದವು.

“ಮಾನ್ಯರೇ, ಏಳನೇ ಕೊಠಡಿಯ ಮೇಲ್ವಿಚಾರಕರು ಸನ್ನೆಯ ಮೂಲಕ ನಮಗೆ ಒದಗಿಸಿದ ಐವತ್ತು ಉತ್ತರಗಳ ಪೈಕಿ ಮೂವತ್ತೊಂಬತ್ತು ತಪ್ಪಾಗಿದ್ದು, ನಾವೆಲ್ಲರೂ ಅನುತ್ತೀರ್ಣರಾಗಿರುತ್ತೇವೆ, ಆದ್ದರಿಂದ ಮರುಪರೀಕ್ಷೆಗೆ ದಯಮಾಡಿ ಲೆಕ್ಕ ಬಲ್ಲವರೊಬ್ಬರನ್ನು ನೇಮಿಸಿಕೊಡಬೇಕಾಗಿ ಈ ಮೂಲಕ ವಿನಂತಿ.”